ಕಪ್ಪು ಜಿಂಕೆಯ ನಾಲ್ಕು ಬೆರಳು ಚರ್ಮ

ಮೊದಲೇ ಹೇಳಿಬಿಡುತ್ತೇನೆ, ನಾಗೇಶ್ ಅಂಕಲ್ ಜಿಂಕೆ ಹೊಡೆಯಲಿಲ್ಲ. ಬಂದೂಕಿನ ಮಾತು ಹಾಗಿರಲಿ, ಗ್ಯಾಸ್ ಲೈಟರ್ ಟಿಕ್ ಎಂದರೂ ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೂ ಕಳೆದ ಭಾನುವಾರ ಇಲ್ಲಿ ಪರ್ತ್‌ನಲ್ಲಿ, ಕ್ಯಾನಿಂಗ್ಟನ್ನಿನ ಗೆಳತಿಯ ಮನೆಯ ಊಟದಲ್ಲಿ, ಬಿಸಿಬೇಳೆಬಾತಿಗೆ ತಟ್ಟೆ ಹಿಡಿದು ನಿಂತಿದ್ದಾಗ ನನ್ನ ಮುಂದಿದ್ದವರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಅಡಿಲೇಡ್‌ನಲ್ಲಿ ಒಬ್ರು ಪುರೋಹಿತರಿದ್ದಾರಂತೆ ಕಣ್ರೀ. ಮುಂಜಿಗೆ ಚರ್ಮ ಬೇಕು ಅಂತ ತಾವೇ ಕಾಡಿಗೆ ಹೋಗಿ ಜಿಂಕೆ ಹೊಡ್ಕೊಂಡು ಬಂದ್ಬಿಟ್ರಂತೆ! ಗಾಯತ್ರಿ ಹೇಳ್ತಾ ಟ್ರಿಗರ್ ಒತ್ತಿದ್ರಂತೆ!"

ಬ್ರಿಸ್ಬೇನ್‌ನಲ್ಲಿ ಇದೇ ಕಥೆಯನ್ನು ಕೇಳಿದಾಗ ಗಾಯತ್ರಿ ಇರಲಿಲ್ಲ, ಬದಲಿಗೆ ಎರಡು ಜಿಂಕೆಗಳಿದ್ದವು. ಈ ದೇಶ ಅಗಲವಾದದ್ದು. ಕಥೆಗಳಿಗೆ ದಾರಿಯಲ್ಲಿ ದಪ್ಪಗಾಗಲು ಬೇಕಾದಷ್ಟು ಸಮಯ ಸಿಗುತ್ತದೆ. ನಾನು ಪ್ರತ್ಯಕ್ಷ ಸಾಕ್ಷಿ. ಸಾಕ್ಷಿ ಮಾತ್ರವೇ ಎಂಬುದನ್ನು ಆಮೇಲೆ ನೀವೇ ತೀರ್ಮಾನಿಸಿ.

ನನ್ನದೂ ಸ್ವಲ್ಪ ಹೇಳಬೇಕು. ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ನಾಲ್ಕು ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ಸತ್ಯ ಯಾವ ಕಡೆಗಿದೆ ಎಂದು ತೀರ್ಪುಗಾರರೂ ಕೇಳುತ್ತಿರಲಿಲ್ಲ. ಈ ವಿದ್ಯೆಯನ್ನು ಹೊತ್ತುಕೊಂಡು ಓದಲು ಅಡಿಲೇಡ್‌ಗೆ ಬಂದವಳು ಬ್ಲೇರ್ ಅಥಾಲ್‌ನಲ್ಲಿ ನಾಗೇಶ್ ಅಂಕಲ್ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಸೇರಿದೆ. ಪರ್ತ್‌ಗೆ ಬಂದದ್ದು ಓದು ಮುಗಿದ ಮೇಲೆ.

ಅಂಕಲ್ ವಾರದ ಐದು ದಿನ ಚರಂಡಿ ವಿನ್ಯಾಸ ಮಾಡುವ ಇಂಜಿನಿಯರು, ಉಳಿದೆರಡು ದಿನ ಪುರೋಹಿತರು. ದರ್ಭೆ ಕ್ರಿಕೆಟ್ ಬ್ಯಾಟಿನ ಚೀಲದಲ್ಲಿ, ಹೋಮಕುಂಡ ಕಾರಿನ ಡಿಕ್ಕಿಯಲ್ಲಿ. ಯಾರ ಮನೆಗೆ ಹೋದರೂ ಅವರ ಮೊದಲ ಕರ್ಮ ಸಂಕಲ್ಪವಲ್ಲ. ಕುರ್ಚಿ ಹತ್ತಿ, ಚಾವಣಿಯ ಹೊಗೆ ಅಲಾರಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುವುದು. ನಾನು ಜೊತೆಗಿದ್ದ ದಿನ ಆ ಟೋಪಿಯ ಕೆಲಸ ನನ್ನದು. ದೇವರನ್ನು ನಂಬದಿದ್ದರೂ ಕುರ್ಚಿ ಹತ್ತುವುದಕ್ಕೆ ಅಡ್ಡಿಯಿಲ್ಲ ಎಂದು ಅಂಕಲ್ ಅಪ್ಪಣೆ ಕೊಟ್ಟಿದ್ದರು.

ಮುಂಜಿಯಲ್ಲಿ ವಟುವಿಗೆ ಕೃಷ್ಣಾಜಿನ, ಅಂದರೆ ಜಿಂಕೆಯ ಚರ್ಮದ ಒಂದು ಪಟ್ಟಿ, ಜನಿವಾರದ ಜೊತೆ ಬೇಕಲ್ಲ? ಅಂಕಲ್ ಬಳಿ ಅವರ ತಾತನ ಕಾಲದ್ದೊಂದು ತುಣುಕಿತ್ತು. ಊರಿನಿಂದ ತರುವಾಗ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳದಿದ್ದರೂ, ಸತ್ಯವಂತರಾದ ಇವರು ಫಾರಂನಲ್ಲಿ 'ಜಿಂಕೆ ಚರ್ಮ, ಪುರಾತನ' ಎಂದು ಬರೆದುಕೊಟ್ಟರಂತೆ. ಅಧಿಕಾರಿ ಧನ್ಯವಾದ ಹೇಳಿ ಅದನ್ನು ಇಟ್ಟುಕೊಂಡ. ಅಲ್ಲಿಂದೀಚೆಗೆ ಚರ್ಮದ ಬದಲು ಅಕ್ಷತೆ. ನಿಮಗೆ ಗೊತ್ತಿದೆ, ನಮ್ಮ ಪೂಜೆಗಳಲ್ಲಿ ಏನು ಇಲ್ಲದಿದ್ದರೂ ಅದರ ಬದಲಿಗೆ ನಾಲ್ಕು ಅಕ್ಷತೆಯ ಕಾಳು ಹಾಕಿದರೆ ಮುಗಿಯಿತು. ವಸ್ತ್ರಕ್ಕೆ ಅಕ್ಷತೆ, ಆಭರಣಕ್ಕೆ ಅಕ್ಷತೆ.

"ಎಷ್ಟಕ್ಕೆ ಅಂತ ಅಕ್ಷತೆ ಹಾಕೋದಮ್ಮ? ನಂಗೇ ನಾಚಿಕೆಯಾಗತ್ತೆ" ಎಂದರು ಅಂಕಲ್ ಒಂದು ದಿನ, ಬ್ರಿಸ್ಬೇನಿನಿಂದ ಮುಂಜಿಗೆ ಕರೆ ಬಂದಿದ್ದಾಗ.

ನಾನು ಆಗ ಹಣ್ಣಿನ ಅಂಗಡಿಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದೆ. ಅಲ್ಲಿಗೆ ಸೇಬು ಹಾಕುತ್ತಿದ್ದ ಕಾಲಿನ್ ಎಂಬ ಮುದುಕನ ತೋಟ ಅಡಿಲೇಡ್ ಬೆಟ್ಟಗಳ ನಡುವೆ. ಜಿಂಕೆಗಳು ಈ ದೇಶದವಲ್ಲ. ಯಾವ ಕಾಲದಲ್ಲೋ ಬೇಟೆಯ ಮೋಜಿಗೆಂದು ತಂದು ಬಿಟ್ಟವು. ಅವನ್ನು ತಿನ್ನುವ ಪ್ರಾಣಿಯಿಲ್ಲ, ಅವು ತಿನ್ನದ ಸಸಿಯಿಲ್ಲ. ಅದಕ್ಕೇ ಇಲ್ಲಿ ಕಲ್ಲಿಂಗ್ ಎಂಬ ಏರ್ಪಾಡು: ಸಂಖ್ಯೆ ತಗ್ಗಿಸಲು ಗುರಿಕಾರರು ಬಂದು ಹೊಡೆಯುತ್ತಾರೆ, ಹೆಣಗಳನ್ನು ಎಷ್ಟೋ ಸಲ ಬಿದ್ದಲ್ಲೇ ಬಿಡುತ್ತಾರೆ. ಕಾಲಿನ್ ತೋಟಕ್ಕೂ ಮುಂದಿನ ವಾರ ಬರುವವರಿದ್ದರು. ವಿಷಯ ತಿಳಿದ ಅಂಕಲ್ ಎರಡು ದಿನ ಯೋಚಿಸಿ ಒಂದೇ ಒಂದು ಷರತ್ತು ಹಾಕಿದರು: "ನಮಗೋಸ್ಕರ ಒಂದೂ ಸಾಯಬಾರದು. ಹೇಗೂ ಸತ್ತದ್ದರಲ್ಲಿ ನಾಲ್ಕು ಬೆರಳು ಅಗಲ ಸಾಕು."

ಬೆಟ್ಟದ ದಾರಿಯುದ್ದಕ್ಕೂ ನಾನು ಸುಮ್ಮನಿರಲಿಲ್ಲ.

"ಅಂಕಲ್, ಒಪ್ಕೊಳ್ಳಿ, ನಿಮ್ಮದೂ ಟ್ರೋಫಿ ಬೇಟೆನೇ. ಅವನು ಕೊಂಬನ್ನ ಗೋಡೆಗೆ ಹಾಕ್ತಾನೆ, ನೀವು ಚರ್ಮಾನ ಹುಡುಗನ ಹೆಗಲಿಗೆ ಹಾಕ್ತೀರ."

"ಅಲ್ಲ ಕಣೇ ಲಾಯರಮ್ಮ. ಅವನು ಆರಿಸ್ತಾನೆ. ಇರೋದರಲ್ಲೇ ಚಂದದ್ದು, ದೊಡ್ಡದು ಅಂತ. ನಾನು ಆರಿಸಲ್ಲ. ಮಿಕ್ಕಿದ್ದನ್ನ ತಗೋತೀನಿ, ಅಷ್ಟೇ."

"ಲೆಕ್ಕಕ್ಕೆ ಕೊಂದು ಕೊಳೆಯೋಕೆ ಬಿಡೋದಕ್ಕಿಂತ, ಒಂದನ್ನೇ ಹುಡುಕಿ ಹೊಡೆದು ಇಪ್ಪತ್ತು ವರ್ಷ ಧೂಳು ಒರೆಸ್ಕೊಂಡು ಗೋಡೆ ಮೇಲಿಡೋದು ಹೆಚ್ಚು ಗೌರವ ಅಲ್ವಾ?"

"ಗೌರವ ಯಾರಿಗೆ? ಜಿಂಕೆಗೋ, ಗೋಡೆಗೋ?"

ಗಂಟೆ ಬಾರಿಸಿದಂತಾಯಿತು. ಚರಂಡಿ ಇಂಜಿನಿಯರೊಬ್ಬರ ಕೈಯಲ್ಲಿ ಸೋತ ನಾನು ಕಿಟಕಿಯಾಚೆ ನೋಡತೊಡಗಿದೆ.

ಕಾಲಿನ್ ಕೂಡ ಅವರ ಪಕ್ಷವೇ. ಮೊಣಕಾಲೆತ್ತರಕ್ಕೆ ತೊಗಟೆ ಸುಲಿದುಹೋಗಿದ್ದ ಸೇಬಿನ ಸಸಿಗಳನ್ನು ತೋರಿಸುತ್ತ ಅವನು ಹೇಳಿದ್ದರ ಸಾರ ಇಷ್ಟು: "ಕೊಂಬಿನ ಆಸೆಯವರು ಬಂದು ಕೇಳ್ತಾರೆ. ನಾನು ಗೇಟೇ ತೆಗೆಯಲ್ಲ, ಮೇಟ್. ದೊಡ್ಡ ಗಂಡನ್ನ ಹೊಡೆದು ಫೋಟೋ ಹಿಡಿಸ್ಕೊಂಡು ಹೋಗ್ತಾರೆ. ಮರಿ ಹಾಕೋ ಹೆಣ್ಣುಗಳು ಇಲ್ಲೇ ಇರ್ತಾವೆ, ನನ್ನ ಸಸಿ ತಿಂತಾ." ಗುರಿಕಾರರ ಪಟ್ಟಿಯಲ್ಲಿ ಇದ್ದದ್ದು ತೋಟಕ್ಕೆ ನುಗ್ಗುವ ಹೆಣ್ಣುಗಳು. ಅಂಕಲ್ ನನ್ನತ್ತ ನೋಡಿ ಹುಬ್ಬು ಹಾರಿಸಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಅಂಕಲ್ ಕಾರು ತಿರುಗಿಸಲು ಹೋದಾಗ ನಾನು ಕಾಲಿನ್‌ಗೆ ವಿವರಿಸಿದೆ: ಇದು ಪವಿತ್ರ ವಸ್ತು, ಹೆಸರಿನಲ್ಲೇ ಕಪ್ಪು ಇದೆ, ಸರಿಯಾಗಿ ಹೇಳಬೇಕೆಂದರೆ ಚರ್ಮ ಕಪ್ಪಾಗಿರಬೇಕು. ಅವನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹಿಂದಿನ ರಾತ್ರಿಯಷ್ಟೇ ಓದಿಕೊಂಡದ್ದನ್ನು ಎಲ್ಲಾದರೂ ಉಪಯೋಗಿಸಬೇಕಿತ್ತು ನನಗೆ. "ಕಪ್ಪೇ?" ಎಂದು ಕಾಲಿನ್ ಗಡ್ಡ ಕೆರೆದುಕೊಂಡ.

ಎರಡು ತಿಂಗಳ ನಂತರ "ಶನಿವಾರ ಆರ್ವೋ ಬನ್ನಿ" ಎಂದು, ಅಂದರೆ ಮಧ್ಯಾಹ್ನದ ಮೇಲೆ, ಅವನು ಹೇಳಿಕಳಿಸಿದ. ಅಂಕಲ್ ಒಂದು ಬಾಟಲಿ ನಿಂಬೆಕಾಯಿ ಉಪ್ಪಿನಕಾಯಿ ಹಿಡಿದು ಹೊರಟರು. ಕಾಲಿನ್ ತಾನೇ ಹದ ಮಾಡಿದ ಇಡೀ ಚರ್ಮವನ್ನು ಮೇಜಿನ ಮೇಲೆ ಹರಡಿದ. ಬೆಕ್ಕಿನ ಬೆನ್ನಿನಂತೆ ನುಣುಪು. ಕಪ್ಪೆಂದರೆ ಒಗ್ಗರಣೆಯ ಸಾಸಿವೆಯ ಕಪ್ಪು. "ನೋಡಮ್ಮ, ಮಿಕ್ಕಿದ್ದು ಅಂದ್ರೆ ಇಂಥಾ ಭಾಗ್ಯ!" ಎಂದು ಅಂಕಲ್ ಕಣ್ಣಿಗೊತ್ತಿಕೊಂಡು, ಕೈ ತೊಳೆಯಲು ನಲ್ಲಿಯ ಕಡೆ ಹೋದರು.

ಕಾಲಿನ್ ನನ್ನ ಕಡೆ ಬಾಗಿ ಹೆಮ್ಮೆಯಿಂದ ಹೇಳಿದ: "ಇಡೀ ಹಿಂಡಿನಲ್ಲಿ ಕಪ್ಪು ಇದ್ದದ್ದು ಇದೊಂದೇ, ಲವ್. ಗಂಡು. ಪಟ್ಟಿಯಲ್ಲಿರಲಿಲ್ಲ. ತೋಟಕ್ಕೂ ಬರ್ತಿರಲಿಲ್ಲ, ಗುಡ್ಡದ ಆ ಕಡೆಯದು. ಪಾಪ, ಪುಟ್ಟ ಹುಡುಗನ ಪೂಜೆಗೆ ಅಂದ್ರಲ್ಲ, ಗುರಿಕಾರನ್ನ ಎರಡು ಗಂಟೆ ಕಾಯಿಸಿ ಹೊಡೆಸಿದೆ."

ಕೊಂಬಿನವರಿಗೆ ಗೇಟು ತೆಗೆಯದ ಮನುಷ್ಯ ನನ್ನ ಒಂದು ವಾಕ್ಯಕ್ಕೆ ತೆಗೆದಿದ್ದ. ಅಂಕಲ್ ಅಂಗವಸ್ತ್ರಕ್ಕೆ ಕೈ ಒರೆಸುತ್ತ ವಾಪಸಾದರು. ನಾನು ಉಪ್ಪಿನಕಾಯಿಯನ್ನು ಹೇಗೆ ತಿನ್ನಬೇಕೆಂದು ಕಾಲಿನ್‌ಗೆ ಹೇಳಿಕೊಡತೊಡಗಿದೆ.

ಬ್ರಿಸ್ಬೇನಿನ ಮುಂಜಿ ಚೆನ್ನಾಗಿ ನಡೆಯಿತು. ಹೋಮ ನಡುಮನೆಯಲ್ಲಿ, ಊಟಕ್ಕೆ ಹಿತ್ತಿಲಿನಲ್ಲಿ ಶಾಮಿಯಾನ, ಬಾರ್ಬೆಕ್ಯೂ ಒಲೆಯ ಮೇಲೆ ಪಾತ್ರೆಯಿಟ್ಟು ಪಾಯಸ. ವಟು ಅಥರ್ವನಿಗೆ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಂಕಲ್ ಪಟ್ಟಿಯನ್ನು ಜನಿವಾರಕ್ಕೆ ಕಟ್ಟುವಾಗ ಅವನು ಕೈ ಅಡ್ಡ ಹಿಡಿದ.

"ಡಿಡ್ ದೇ ಶೂಟ್ ಇಟ್ ಫಾರ್ ಮಿ?"

ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಇಫ್ ಇಟ್ಸ್ ಫಾರ್ ಮಿ, ಐ ವೋಂಟ್ ವೇರ್ ಇಟ್."

"ಇಲ್ಲ ಪುಟ್ಟ, ಖಂಡಿತ ಇಲ್ಲ" ಎಂದರು ಅಂಕಲ್, ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು. "ಹೇಗೂ ಸಾಯೋದಿತ್ತು, ನಾವು ಎತ್ಕೊಂಡ್ವಿ. ಬೇಕಿದ್ರೆ ಆ ಅಕ್ಕನ್ನ ಕೇಳು. ಅವಳು ಸುಮ್ಮಸುಮ್ಮನೆ ಯಾವುದಕ್ಕೂ ಹೂಂ ಅನ್ನೋಳಲ್ಲ."

ನಾನು ಕುರ್ಚಿಯ ಮೇಲಿದ್ದೆ, ಕೈಯಲ್ಲಿ ಅಲಾರಮಿನಿಂದ ಜಾರಿದ ಪ್ಲಾಸ್ಟಿಕ್ ಟೋಪಿ. ಹುಡುಗ ತಲೆಯೆತ್ತಿ ನೋಡಿದ.

"ನೋ, ಮೇಟ್" ಎಂದೆ.

ನನ್ನ ಜೀವಮಾನದ ಅತಿ ಚಿಕ್ಕ ಭಾಷಣ. ಗೆದ್ದೆ ಕೂಡ. ಹುಡುಗ ಕೈ ತೆಗೆದ.

ಮೊನ್ನೆ ಕ್ಯಾನಿಂಗ್ಟನ್ನಿನಲ್ಲಿ ಸತ್ಯದ ಪರ ಎದ್ದು ನಿಂತವಳು ನಾನೇ. "ಅವರು ಹೊಡೆದಿಲ್ಲ ಸರ್, ನಾನು ಜೊತೆಗಿದ್ದೆ" ಎಂದು ಗಟ್ಟಿಯಾಗಿ ಹೇಳಿದೆ. ಕಥೆ ಹೇಳುತ್ತಿದ್ದವರು ಸೌಟು ಹಿಡಿದೇ ತಿರುಗಿ, "ಓಹೋ, ಹಾಗಾದ್ರೆ ಯಾರು ಹೇಳಿ ಹೊಡೆಸಿದ್ದು?" ಎಂದರು. ಅವರದು ತಮಾಷೆ. ನಾನು ಬಾತಿನ ಮೇಲೆ ಬೂಂದಿ ಹಾಕಿಕೊಂಡು ಮೂಲೆ ಸೇರಿದೆ. ಆ ಗಾಯತ್ರಿ, ಆ ಟ್ರಿಗರ್ ಎಲ್ಲ ಸುಳ್ಳೇ. ಆದರೂ ಅವರ ಕಥೆ ನನ್ನದಕ್ಕಿಂತ ಸತ್ಯಕ್ಕೆ ಹತ್ತಿರವಿತ್ತು. ಅದರಲ್ಲಿ ಯಾರೋ ಒಬ್ಬರು ಆ ಜಿಂಕೆಯನ್ನು ಆರಿಸಿದ್ದರು.

ಇವತ್ತು ಸಂಜೆ ಅಂಕಲ್ ಫೋನು. ಮುಂದಿನ ಶನಿವಾರ ಎಲೆನ್‌ಬ್ರೂಕ್‌ನಲ್ಲಿ ಮುಂಜಿಯಂತೆ, ಪರ್ತ್‌ಗೆ ಬರುತ್ತಾರಂತೆ, ಟೋಪಿಯ ಕೆಲಸಕ್ಕೆ ನಾನಿರಬೇಕಂತೆ.

"ನಿಮ್ಮ ಪರ್ತ್‌ನೋರು ಹೊರಗಿನ ಹಣ್ಣು ಬಿಡಲ್ವಂತಲ್ಲ, ನಿಂಬೆಹಣ್ಣು ಅಲ್ಲೇ ತಗೊಂಡಿರು. ಚರ್ಮದ ಚಿಂತೆ ಇಲ್ಲ, ಇನ್ನೂ ಇಪ್ಪತ್ತು ಮುಂಜಿಗೆ ಆಗತ್ತೆ. ಎಲ್ಲ ಹುಡುಗರಿಗೂ ಹೇಳ್ತೀನಿ, ಯಾರ ಪಾಪಾನೂ ಅಂಟದ ಚರ್ಮ ಅಂತ."

ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟೆ. ಕಪ್ಪಾಗಿರಬೇಕೆಂದದ್ದು, ಗುಡ್ಡದ ಆ ಕಡೆ, ಎರಡು ಗಂಟೆ, ಕುರ್ಚಿಯ ಮೇಲಿನ ನನ್ನ ಸುಳ್ಳು. ಪರವೂ ಇಲ್ಲ, ವಿರೋಧವೂ ಇಲ್ಲ, ನಡೆದದ್ದು ಮಾತ್ರ. ಒಂದು ನಿಮಿಷವೂ ಹಿಡಿಯಲಿಲ್ಲ.

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಇನ್ನೊಂದು ಸಲ ಕೂಗಿತು. ಗಂಟೆ ಬಾರಿಸುವವರು ಯಾರೂ ಇರಲಿಲ್ಲ.

"ಅಂಕಲ್," ಎಂದೆ, "ಶನಿವಾರಕ್ಕೆ ಆ ಚರ್ಮ ತರ್ತೀರೋ, ಇಲ್ಲ ನಾನು ಅಕ್ಷತೆ ಕಲಸಿಡ್ಲೋ?"