ಕುದುರೆಗೆ ಕ್ಲಿಪ್ಪು

ಲಾಂಡ್ರಿಯಾಕೆ ಅಂದರೆ ಬೀದಿಗೆಲ್ಲ ಗೊತ್ತು. ಯಾರ ಕಾಲರಿನಲ್ಲಿ ಎಷ್ಟು ಕೊಳೆ, ಯಾರ ಗಂಡನ ಅಂಗಿಗೆ ಯಾವ ಗುಂಡಿ ಇಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲೇ. ಆದರೆ ಅವಳು ಪಿಟೀಲು ನುಡಿಸುತ್ತಾಳೆ ಅಂದರೆ ನಂಬುವವರು ಯಾರು? ಅವಳೇ ನಂಬುತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ನುಡಿಸಿದ್ದಳು. ಆಗ ಅಂಗಡಿಯ ಯಜಮಾನಿಕೆ ಅತ್ತೆಯದು. "ಯಾವ ಬಾಗ್ಲೇ ಅದು, ಎಣ್ಣೆ ಹಾಕ್ಬಾರ್ದಾ?" ಅಂದರು ಅತ್ತೆ. ಅಷ್ಟೇ. ಸೊಸೆ ನಕ್ಕುಬಿಟ್ಟಳು, ಪಿಟೀಲು ಅಟ್ಟ ಹತ್ತಿತು. ಆಮೇಲೆ ಮಗಳು, ಮಷೀನು, ಹಬೆ, ಇಸ್ತ್ರಿ. ಉಸಿರಾಡಲು ಪುರುಸೊತ್ತೆಲ್ಲಿ?

ಈಗ ಅತ್ತೆ ಸೊಂಟ ಮುರಿದುಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆ. ಅವರಿಗೊಂದು ಕಂಬಳಿ ಹುಡುಕಲು ಅಟ್ಟ ಹತ್ತಿದವಳಿಗೆ ಪಿಟೀಲಿನ ಪೆಟ್ಟಿಗೆ ಕೈಗೆ ತಗುಲಿತು. ಏನನ್ನಿಸಿತೋ ಏನೋ, ಇಳಿಸಿಯೇಬಿಟ್ಟಳು. ಅಂಗಡಿಯಲ್ಲಿಟ್ಟರೆ ಹಬೆಗೆ ಮರ ಕೆಡುತ್ತದೆ. ಒಣ ಜಾಗ ಅಂತ ಇರುವುದು ಅತ್ತೆಯ ಕೋಣೆಯೊಂದೇ. ವಿಧಿಯಿಲ್ಲದೆ ಅವರ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು.

ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿದ ಮೇಲೆ, ಪಿಟೀಲಿನ ತಂತಿಗಳನ್ನು ಹೊತ್ತ ಮರದ ಕುದುರೆಗೆ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಸಿಕ್ಕಿಸಿ ನುಡಿಸುತ್ತಾಳೆ. ಹಾಗೆ ಮಾಡಿದರೆ ಸದ್ದು ಪಿಸುಮಾತಿನಷ್ಟೇ. ಗೋಡೆಯಾಚೆ ಡ್ರೈಯರ್ ಗುಂಯ್ ಅನ್ನುತ್ತಿರುತ್ತದೆ. ಅದೇ ಅವಳ ಶ್ರುತಿ. ಕಿಟಕಿಯ ಹೊರಗೆ ಯಾರದೋ ಬಿಳಿ ಅಂಗಿಗಳು ತೋಳು ಚಾಚಿಕೊಂಡು ತೇಲುತ್ತವೆ. ಬಿಸಿನೀರಿನಲ್ಲಿ ಮೆತ್ತಗಾದ ಬೆರಳನ್ನು ತಂತಿ ಕೊರೆಯುತ್ತದೆ. ಆದರೂ ಆ ಅರ್ಧ ಗಂಟೆ ಅಂಗಡಿಯೆಲ್ಲೋ, ಅವಳೆಲ್ಲೋ. ಎಷ್ಟು ಹಾಯೆನಿಸುತ್ತಿತ್ತು! ಭಯವೂ ಅಷ್ಟೇ ಇತ್ತು. ಅತ್ತೆ ಇನ್ನೊಮ್ಮೆ ಬಾಗಿಲಿನ ಮಾತೆತ್ತಿದರೆ ಪಿಟೀಲು ಮತ್ತೆ ಅಟ್ಟಕ್ಕೆ, ಎರಡನೇ ಸಲ ಇಳಿಸುವ ಧೈರ್ಯ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಕ್ಲಿಪ್ಪುಗಳು ಮಾಯವಾಗತೊಡಗಿದವು. ಸ್ಟೂಲಿನ ಮೇಲಿಟ್ಟದ್ದು ಮರುದಿನ ಇಲ್ಲ. ಲಾಂಡ್ರಿಯಲ್ಲಿ ಕ್ಲಿಪ್ಪಿಗೇನು ಬರವೇ, ಇನ್ನೊಂದು ತಂದಳು. ಅದೂ ಇಲ್ಲ.

"ಇಲಿ ಇರ್ಬೇಕು," ಅಂದ ಗಂಡ.

"ಹೂಂ, ನಿಮ್ಮ ಇಲಿ ಬಟ್ಟೆ ಒಗೆದು ಒಣಹಾಕ್ತಿದೆ!"

ಹಾಸಿಗೆ ಬದಲಿಸುವ ದಿನ ಅತ್ತೆಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ದಿಂಬು ಎಳೆದಳು. ಅಡಿಯಲ್ಲಿ ಕ್ಲಿಪ್ಪುಗಳ ರಾಶಿ! ಅಂದರೆ ಇಷ್ಟು ದಿನವೂ ಅತ್ತೆ ಎಚ್ಚರವಾಗಿಯೇ ಇದ್ದರು. ಸಿಟ್ಟಿಗೆ ಬಚ್ಚಿಟ್ಟಿದ್ದಾರೆ.

"ತಪ್ಪಾಯ್ತು ಅತ್ತೆ. ನಿಮ್ಮ ನಿದ್ದೆ ಕೆಡಿಸ್ದೆ. ಇವತ್ತೇ ಅಟ್ಟಕ್ಕೆ ಹಾಕ್ತೀನಿ," ಅಂದಳು.

"ಅಯ್ಯೋ ಪೆದ್ದಿ," ಅತ್ತೆ ಗೋಡೆಗೆ ಮುಖ ಮಾಡಿಕೊಂಡೇ ಗದರಿದರು. "ನನ್ನ ಕಿವಿ ಮೊದ್ಲೇ ಮಂದ. ನೀನು ಅದರ ಮೂಗು ಹಿಂಡಿ ನುಡಿಸಿದ್ರೆ ನಂಗೇನು ಕೇಳ್ಸುತ್ತೆ, ನಿನ್ನ ತಲೆ! ದಿನಾ ಕಣ್ಮುಚ್ಕೊಂಡು ಕಾಯ್ತಾ ಬಿದ್ದಿರ್ತೀನಿ."

"ಬಾಗ್ಲು ಅಂದಿದ್ರಲ್ಲ ನೀವು?"

"ಅಂದಿದ್ದೆ. ಅದಕ್ಕೆ ಇಷ್ಟು ವರ್ಷ ಮುಚ್ಚಿಡೋದಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅತ್ತೆಯನ್ನು ಸರಿಯಾಗಿ ಮಲಗಿಸಿ, ಕೊಳೆ ಹಾಸಿಗೆಬಟ್ಟೆಯನ್ನು ಮೂಲೆಗೆ ತಳ್ಳಿ, ಪಿಟೀಲು ಎತ್ತಿಕೊಂಡಳು. ಕ್ಲಿಪ್ಪಿಲ್ಲದ ಮೊದಲ ಸ್ವರ ಬಾಗಿಲಿನ ಹಾಗೆಯೇ ಕಿರುಗುಟ್ಟಿತು. ಅಂಗಡಿಯಲ್ಲಿ ಯಾರೋ ಗಂಟೆ ಒತ್ತಿದರು.

"ಅವ್ರು ಕಾಯ್ಲಿ," ಅಂದರು ಅತ್ತೆ. "ಇನ್ನೂ ಜೋರಾಗಿ."