ಅಟ್ಟದ ಇಲಿಯೂ ಬಾಡಿಗೆಯ ಜೋಪಡಿಯೂ

ಮಧ್ಯಾಹ್ನದ ಊಟ ಮುಗಿಸಿ, ಎಲೆಯಡಿಕೆ ಮೆದ್ದು ಚಾಪೆಯ ಮೇಲೆ ಅಡ್ಡಾದಾಗ ಅಟ್ಟದ ಮೇಲೆ ಇಲಿಗಳು ಓಡಾಡುವ ಸದ್ದು ಕೇಳಿಸಿದರೆ ಮಾತ್ರ ನನಗೆ ನಿದ್ದೆ ಹತ್ತುತ್ತದೆ. ಸಕಲ ಸಂಸಾರಿಗಳೂ ಶಪಿಸುವ ಈ ಮೂಷಿಕ ಸಂಗೀತವನ್ನು ನಾನು ಜೋಗುಳವೆಂದು ಭಾವಿಸುವುದು ನನ್ನ ಹೆಂಡತಿಗೆ ಬುದ್ಧಿಭ್ರಮಣೆಯಾಗಿ ತೋರುತ್ತದೆ. ಆಕೆ ಬೋನಿನಲ್ಲಿ ಕೊಬ್ಬರಿ ಚೂರು ಇಡುತ್ತಾಳೆ. ನಾನು ಅದನ್ನು ತಿಂದುಬಿಡುತ್ತೇನೆ. ಕಾರಣವನ್ನು ಆಕೆಗೆ ಹೇಳಿಲ್ಲ. ನಿಮಗೆ ಹೇಳಬಹುದು, ನೀವೇನೂ ನನ್ನ ಜೊತೆ ಸಂಸಾರ ಮಾಡಬೇಕಾಗಿಲ್ಲವಲ್ಲ.

ನಾನು ಹೊಸಪೇಟೆಯ ಹೈಸ್ಕೂಲಿನಲ್ಲಿದ್ದ ಕಾಲದಲ್ಲಿ ಪ್ಲೇಗು ಎರಡು ಮೂರು ವರ್ಷಕ್ಕೊಮ್ಮೆ ನೆಂಟನ ಹಾಗೆ ಬಂದು ಹೋಗುತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ, ಊರು ಖಾಲಿ. ಹೊಲಗಳಲ್ಲಿ ಜೋಪಡಿ ಹಾಕಲು ಬಿದಿರಿನ ಗಳ, ಜೋಳದ ಕಣಿಕೆ ಸಿಗದೆ ಜನ ದಿನಗಟ್ಟಲೆ ಬಿಸಿಲಿನಲ್ಲಿ ಕೂತಿರುತ್ತಿದ್ದರು. ಇದನ್ನು ಕಂಡ ನನ್ನ ವಿದ್ಯಾವಂತ ತಲೆಯಲ್ಲಿ ಒಂದು ಉದ್ಯಮ ಮೊಳೆಯಿತು: ಬಿದಿರಿನ ತಟ್ಟಿಗಳನ್ನು ಮೊದಲೇ ಹೆಣೆಸಿಟ್ಟು ಬಾಡಿಗೆಗೆ ಕೊಡುವುದು. ನಾಲ್ಕು ತಟ್ಟಿ ಗೋಡೆ, ಹುಲ್ಲು ಹೊದಿಸಿದ ಎರಡು ತಟ್ಟಿ ಮಾಡು, ಒಂದು ಬಂಡಿಗೆ ಒಂದು ಮನೆ! ಇದನ್ನು ನೋಟುಬುಕ್ಕಿನಲ್ಲಿ ಚಿತ್ರಸಮೇತ ಬರೆದು, ಬಜಾರಿನಲ್ಲಿ ಹಗ್ಗದಂಗಡಿ ಇಟ್ಟಿದ್ದ ನಮ್ಮಪ್ಪನ ಗೆಳೆಯ ಕೊಟ್ರಪ್ಪ ಕಾಕಾನ ಮುಂದೆ ಹಿಡಿದೆ.

ಕಾಕಾ ದಿನಾ ಅಂಗಡಿ ತೆರೆದು, ದೀಪ ಹಚ್ಚಿ, ತಮಗೆ ಬೇಕಾದದ್ದನ್ನು ಬಜಾರಿಗೆಲ್ಲ ಕೇಳುವಂತೆ ಬೇಡಿಕೊಳ್ಳುತ್ತಿದ್ದರು: "ಶಿವನೇ, ಎಲ್ಲಾರ ಬಾವ್ಯಾಗೂ ನೀರು ಇರ್ಲಿ, ಹಗ್ಗ ಸವೀಲಿ!" ಬಾಯಿಬಿಟ್ಟು ಕೇಳಲಾಗದ ವ್ಯಾಪಾರದಲ್ಲಿ ಏನೋ ಐಬಿದೆ ಎಂಬುದು ಅವರ ಅರ್ಥಶಾಸ್ತ್ರ. ಸಂಡೂರಿನ ಗುಡ್ಡದ ಬಿದಿರನ್ನು ಯಾವಾಗ ಕಡಿಯಬೇಕು, ಕಂಪ್ಲಿಯ ಮೇದಾರರ ಹತ್ತಿರ ಎಷ್ಟು ಒತ್ತಾಗಿ ಹೆಣೆಸಬೇಕು, ಗಾಳಿಗೆ ಬಿಚ್ಚದ ಗಂಟು ಯಾವುದು, ಎಲ್ಲವನ್ನೂ ಅವರೇ ಕಲಿಸಿದರು. "ಹುಲ್ಲು ಛಲೋತ್ನಂಗ ಬಡಿ ತಮ್ಮಾ, ಒಂದು ಕಾಳೂ ಉಳೀಬಾರ್ದು, ಇಲಿ ಬರ್ತಾವ" ಎಂದರು. ಕಡೆಗೆ ಕೇಳಿದರು: "ಎಲ್ಲಾ ಆತು. ಮುಂಜಾನೆ ದೀಪ ಹಚ್ಚಿ ಏನಂತ ಬೇಡ್ಕೊಂತಿ?"

ನಾನು ನಕ್ಕೆ. ಕಾಕಾ ನಗಲಿಲ್ಲ. "ಜನಕ್ಕ ನೆಳ್ಳು ಬೇಕು, ಬ್ಯಾಡ ಅನ್ನಾಕ ಆಗಂಗಿಲ್ಲ" ಎಂದು, ಚಿತ್ತವಾಡ್ಗಿಯ ತಮ್ಮ ಮನೆಯ ಹಿತ್ತಲನ್ನೇ ತಟ್ಟಿಗಳಿಗೆ ಬಿಟ್ಟುಕೊಟ್ಟರು. ಅವರ ಹೆಂಡತಿ ಗೌರಮ್ಮ ಕಾಕಿ ನನಗೆ ಒಗ್ಗರಣೆ ಮಂಡಕ್ಕಿ ಕೊಡುತ್ತಾ, "ಇವು ಇಲ್ಲೇ ಬಿದ್ದು ಗೆದ್ದಲು ಹಿಡೀಲಿ, ಯಾರಿಗೂ ಬ್ಯಾಡಾಗ್ಲಿ" ಎಂದರು. ಬೋಣಿಗೆಗೆ ಮುಂಚೆಯೇ ಅಪಶಕುನ ನುಡಿದರಲ್ಲ ಎಂದು ನನಗೆ ಸಿಟ್ಟು ಬಂತು, ಮಂಡಕ್ಕಿಯನ್ನೇನೂ ಬಿಡಲಿಲ್ಲ.

ಕಂಪ್ಲಿಯಿಂದ ಭತ್ತದ ಹುಲ್ಲು ಬಂದಾಗ ಪರೀಕ್ಷೆ ಹತ್ತಿರವಿತ್ತು. ಹುಲ್ಲು ಬಡಿಯುವುದು ಪದವೀಧರನಾಗಲಿರುವವನ ಕೆಲಸವಲ್ಲವೆಂದುಕೊಂಡು ಹಾಗೇ ಹೊದಿಸಿಬಿಟ್ಟೆ. ಆಮೇಲೆ ಕಾಯುತ್ತಾ ಕೂತೆ. ಏನನ್ನು ಕಾಯುತ್ತಿದ್ದೆನೆಂದು ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ತಟ್ಟಿಗಳನ್ನು ನೋಡಿ ಬರಲು ಹೋದರೆ ಮೇಲಿನ ತಟ್ಟಿಯ ಮೇಲೆ ಒಂದು ಇಲಿ ಸತ್ತು ಬಿದ್ದಿತ್ತು. ಇನ್ನೊಂದು ಕುಡಿದವನಂತೆ ತೂರಾಡುತ್ತಿತ್ತು. ನನಗೆ ಸಂತೋಷವಾಯಿತು. ಈ ಮಾತನ್ನು ಎಷ್ಟು ಮೆತ್ತಗೆ ಹೇಳಿದರೂ ಅದು ಅದೇ ಮಾತು. ಬಜಾರಿನವರೆಗೂ ಓಡಿದೆ. ಕಾಕಾ ಆಗಷ್ಟೇ ದೀಪ ಹಚ್ಚಿ ಕೈಮುಗಿದಿದ್ದರು.

"ಕಾಕಾ, ಇಲಿ ಬಿದ್ದಾವ್ರಿ!"

"ಎಲ್ಲಿ?"

"ನಿಮ್ಮ ಹಿತ್ತಲದಾಗ" ಎಂದ ಮೇಲೆಯೇ ನಾನು ಯಾವ ಸುದ್ದಿ ತಂದಿದ್ದೇನೆಂಬುದು ನನಗೆ ತಿಳಿದದ್ದು.

ಊರು ಖಾಲಿಯಾಗತೊಡಗಿತು, ಇಲಿ ಬಿದ್ದ ತಟ್ಟಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಾಕಿಗೆ ವಾರದೊಳಗೆ ಜ್ವರ, ಕಂಕುಳಲ್ಲಿ ಗಡ್ಡೆ. ಐದನೆಯ ದಿನ ಹೋದರು. ಪದ್ಧತಿಯಂತೆ ವಿಮಾನವೆನ್ನುವ ಸಿಂಗರಿಸಿದ ಚಟ್ಟದಲ್ಲಿ ಕೂರಿಸಿ ಒಯ್ಯಲು ಹೊರುವವರೇ ಊರಲ್ಲಿ ಉಳಿದಿರಲಿಲ್ಲ. ನನ್ನದೊಂದು ತಟ್ಟಿಯ ಮೇಲೆ ಮಲಗಿಸಿ ನಾಲ್ಕು ಜನ ಒಯ್ದೆವು. ಅದೇ ನನ್ನ ಬೋಣಿಗೆ. ಮಣ್ಣು ಮಾಡಿ ಬಂದು, ಉಳಿದ ತಟ್ಟಿಗಳಿಗೆ ಕಾಕಾ ತಾವೇ ಬೆಂಕಿ ಇಟ್ಟರು. ಹುಲ್ಲು ಹತ್ತಿಕೊಂಡಿತು, ಒಳಗಿಂದ ಚಟಪಟ ಸದ್ದು. ಬಡಿಯದೆ ಬಿಟ್ಟ ಭತ್ತದ ಕಾಳುಗಳು ಅರಳಾಗಿ ಸಿಡಿದು ಹೊರಗೆ ಬೀಳುತ್ತಿದ್ದವು, ಬೆಳ್ಳಗೆ, ನಮ್ಮಿಬ್ಬರ ಕಾಲ ಹತ್ತಿರ. ಕಾಕಾ ಅರಳನ್ನು ನೋಡಿದರು, ನನ್ನನ್ನು ನೋಡಿದರು. ಆ ವರ್ಷ ಓಣಿ ಓಣಿಯಲ್ಲೂ ಇಲಿ ಬಿದ್ದವೆಂದು ಜನ ನನಗೆ ಸಮಾಧಾನ ಹೇಳುತ್ತಾರೆ. ಎಲ್ಲಕ್ಕಿಂತ ಮೊದಲು ಬಿದ್ದದ್ದು ಎಲ್ಲೆಂದು ನನಗೆ ಗೊತ್ತು.

ಊರು ಮರಳಿದ ಮೇಲೆ ಕಾಕಾ ಅಂಗಡಿ ತೆರೆದರು. ದೀಪ ಹಚ್ಚಿದರು, ಕೈಮುಗಿದರು, ಬಾಯಿ ಬಿಡಲಿಲ್ಲ. ಬದುಕಿರುವವರೆಗೂ ಬಿಡಲಿಲ್ಲ. ನಾನು ಗುಮಾಸ್ತನಾದೆ, ಗುಮಾಸ್ತನಿಗೆ ಏನನ್ನೂ ಬೇಡಿಕೊಳ್ಳುವ ಪ್ರಮೇಯವಿಲ್ಲ.

ಇವತ್ತು ಮಧ್ಯಾಹ್ನ ಅಡ್ಡಾದಾಗ ಅಟ್ಟ ಸದ್ದಿಲ್ಲದೆ ಇತ್ತು. ಮತ್ತೆ ಇಲಿ ಬಿದ್ದವೇ? ಈ ವಯಸ್ಸಿನಲ್ಲಿ ಏಣಿ ಹತ್ತಿ ಇಣುಕಿದರೆ, ಹಳೆಯ ಚಾಪೆಯ ಸುರುಳಿಯ ಮೇಲೆ ಒಂದು ಇಲಿ ಮೀಸೆ ಕುಣಿಸುತ್ತಾ ಸಂಡಿಗೆ ಕಡಿಯುತ್ತಿತ್ತು. ಇಳಿದು ಬಂದೆ. ದೇವರ ಮುಂದೆ ದೀಪ ಹಚ್ಚಿ, ಅಂದು ಕಾಕಾ ಕೇಳಿದ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನು ಓಣಿಗೆಲ್ಲ ಕೇಳುವಂತೆ ಕೂಗಿದೆ: "ಶಿವನೇ, ಎಲ್ಲಾರೂ ಅವರವರ ಮನ್ಯಾಗ ಇರ್ಲಿ!"

"ಇಲೀನೂ ಏನ್ರಿ?" ಎಂದಳು ಹೆಂಡತಿ ಒಳಗಿನಿಂದ.

"ಹೂಂ, ಇಲೀನೂ" ಎಂದೆ.