ಸ್ಲ್ಯಾಬಿಗೆ ಹಚ್ಚಿದ ಬಿಳಿ, ಅಕ್ಕನ ಬಲಗಣ್ಣು

ಅಕ್ಕನ ಬಲಗಣ್ಣಿಗೆ ಬಣ್ಣ ಸಿಡಿದಾಗ ನಾನು ಅವಳಿಗೆ ಬೆನ್ನು ಮಾಡಿ ನಿಂತಿದ್ದೆ. ಆದರೂ ಬ್ರಷ್ಷಿನ ಕೂದಲು ಬಾಗಿ ಚಿಮ್ಮಿದ್ದು, ಅವಳ ತಲೆ ಗಕ್ಕನೆ ಹಿಂದಕ್ಕೆ ಸರಿದದ್ದು ಎಲ್ಲ ನೋಡಿದಂತೆಯೇ ನೆನಪಿದೆ. ಅವಳು ಆಮೇಲೆ ಹೇಳಿದ್ದನ್ನೇ ನಾನು ಚಿತ್ರ ಮಾಡಿಕೊಂಡಿರಬೇಕು. ಆದ್ದರಿಂದ ಇದನ್ನು ಬರೆಯುವಾಗ ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ನಡುನಡುವೆ ನಿಂತು ನೋಡಿಕೊಳ್ಳುತ್ತಿದ್ದೇನೆ.

ಅಕ್ಕ ಖಾನಾಪುರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅವಳ ಮನೆಯ ಸ್ಲ್ಯಾಬು ಪ್ರತಿ ಮಳೆಗಾಲ ಸೋರುತ್ತದೆ, ಅದೂ ಸರಿಯಾಗಿ ಹೊಲಿಗೆ ಯಂತ್ರದ ಮೇಲೆ. ಈ ಸಲ ಮಳೆ ಹಿಡಿಯುವುದರೊಳಗೆ ಅಕ್ರಿಲಿಕ್ ಕೋಟ್ ಹಚ್ಚಿಬಿಡೋಣ ಎಂದು ಬೆಳಗಾವಿಯಿಂದ ನನ್ನನ್ನು ಕರೆಸಿಕೊಂಡಿದ್ದಳು. ಅಂಗಡಿಯವನು, "ವಾಟರ್ ಬೇಸ್ ಐತ್ರಿ ಅಕ್ಕಾರ, ವಾಸನಿ ಇಲ್ಲ ಏನಿಲ್ಲ, ಕೈಗೆ ಹತ್ತಿದ್ರ ನೀರಾಗ ತೊಳಕೊಂಡ್ರಾತು," ಎಂದು ಹೇಳಿ ಕಳಿಸಿದ್ದನಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಕೆಟ್ಟಿನ ಮೇಲೆ ಮಾತ್ರ ಸಣ್ಣ ಅಕ್ಷರದಲ್ಲಿ ಇನ್ನಷ್ಟಿತ್ತು: ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ರಕ್ಷಣೆ ಇರಲಿ, ಉಳಿದದ್ದನ್ನು ಗಟಾರಿಗೆ ಬಿಡಬೇಡಿ, ಬೇರೆ ಏನನ್ನೂ ಬೆರೆಸಬೇಡಿ. ನಾನು ಗಟ್ಟಿಯಾಗಿ ಓದಿ ಹೇಳಿದೆ.

"ಓದಿದಾಕಿ ಬಂದಾಳ ನೋಡ್ರಿ, ಬಕೀಟನೂ ಬಿಡಂಗಿಲ್ಲ," ಎಂದಳು ಅಕ್ಕ.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆವು. ಕಣ್ಣಿಗೆ ಅವಳ ಚಾಳೀಸು ಕನ್ನಡಕವೇ ಸಾಕು ಎಂದುಕೊಂಡೆವು. ಆದರೆ ಸ್ವಲ್ಪ ಹೊತ್ತಿಗೆ ಅವಳು ಅದನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಮೆಟ್ಟಿಲ ಮೇಲೆ ಇಟ್ಟುಬಂದಳು. "ಇದಕ್ಕ ಬಣ್ಣ ಬಿದ್ದರ ನಾಳೆ ಸೂಜಿಗೆ ದಾರ ಹೆಂಗ ಪೋಣಸ್ಲಿ?" ಆಗ ನನಗೂ ಅದು ಬುದ್ಧಿವಂತಿಕೆಯ ಮಾತಾಗಿಯೇ ಕೇಳಿಸಿತು.

ಮೇ ತಿಂಗಳ ಬಿಸಿಲು. ಹಚ್ಚಿದಷ್ಟು ಜಾಗವೂ ಹಾಲಿನಂತೆ ಬೆಳ್ಳಗಾಗಿ ಕಣ್ಣಿಗೆ ಕುಕ್ಕುತ್ತಿತ್ತು. ನಾನು ಈ ಮೂಲೆಯಲ್ಲಿ ರೋಲರ್ ಎಳೆಯುತ್ತಿದ್ದೆ. ಅಕ್ಕ ಬೇರೊಂದು ಡಬ್ಬಿಯಲ್ಲಿ ಬಣ್ಣ ತೆಗೆದುಕೊಂಡು, ನೀರಿನ ಟಾಕಿಯ ಕೆಳಗೆ ಬಗ್ಗಿ, ಬಿರುಕಿನೊಳಗೆ ಬ್ರಷ್ಷು ಒತ್ತುತ್ತಿದ್ದಳು. "ಯವ್ವಾ" ಎಂಬ ಕೂಗು ಕೇಳಿ ತಿರುಗಿದೆ. ಮುಂಗೈಯಿಂದ ಕಣ್ಣು ಉಜ್ಜುತ್ತಿದ್ದಳು. ಆ ಕೈಗೂ ಬಣ್ಣ.

"ತಿಕ್ಕಬ್ಯಾಡ!" ಎನ್ನುತ್ತ ಓಡಿ ಟಾಕಿಯ ನಳ ತಿರುಗಿಸಿದೆ. ಕಾದು ಸುಡುವ ನೀರು ಬಂತು. ಕೈ ಹಿಡಿದು ಮೆಟ್ಟಿಲಿಳಿಸಿ ಬಚ್ಚಲಿಗೆ ಕರೆದೊಯ್ದೆ. ತಲೆಯನ್ನು ಓರೆ ಮಾಡಿಸಿ, ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವಂತೆ ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟೆ. ಆ ದಿನ ನಾನು ಬರೆದಿಟ್ಟುಕೊಂಡದ್ದರಲ್ಲಿ "ಬಹಳ ಹೊತ್ತು ನೀರು ಹಾಕಿದೆ" ಎಂದಿದೆ. ಬಹಳ ಹೊತ್ತು ಎಂದರೆ ಎಷ್ಟು? ಕೈ ನೋಯುವಷ್ಟು ಹೊತ್ತೆ? ಅವಳು "ಸಾಕಬೇ, ಕೊಳ್ಳಾಗೆಲ್ಲ ನೀರ ಹೊಂಟೈತಿ" ಎಂದು ನನ್ನ ಕೈ ತಳ್ಳುವವರೆಗೆ ಎಂಬುದಷ್ಟೇ ಖಾತ್ರಿ.

ಅಷ್ಟರಲ್ಲಿ ಪಕ್ಕದ ಮನೆಯ ಮಾವಶಿ ಬಂದರು. ಅವರ ಮಾತಿನಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. "ಅಗ ಬಾಈ, ನೀರ ಏನ ಸುರೀತಿ? ತುಪ್ಪಾ ಬಿಡ. ಇಲ್ಲಾ, ಆ ಕಣ್ಣ ನೋಡೂ ಅಜ್ಜೀ ಕಡೆ ಕರಕೊಂಡ ಹೋಗ. ನಾಲಗೀಲೆ ತಗೀತಾಳ ಬಗ್, ಒಂದ ಮಿನಿಟ್."

ಕಣ್ಣಿನಲ್ಲಿ ಬಿದ್ದ ಕಸವನ್ನು ನಾಲಿಗೆಯ ತುದಿಯಿಂದ ತೆಗೆಯುವ ಆ ಅಜ್ಜಿ ನಮ್ಮಿಬ್ಬರಿಗೂ ಗೊತ್ತು. ಚಿಕ್ಕವರಿದ್ದಾಗ ಅವರ ಹತ್ತಿರ ಹೋಗಿದ್ದೆವು. ಮೃದುವಾದ, ಬೆಚ್ಚಗಿನ ಆ ನಾಲಿಗೆಯ ನೆನಪು ನನ್ನ ಕಣ್ಣಿಗೇ ಇದೆ.

"ಮಾವಶಿ ಖರೇ ಹೇಳತಾರ," ಎಂದಳು ಅಕ್ಕ. "ಸಣ್ಣಾಕಿದ್ದಾಗ ನನ್ನ ಕಣ್ಣಾಗಿನ ಉಸಕ ಆಕೀನ ತಗದಿದ್ಲು."

"ನಿನ್ನ ಕಣ್ಣಲ್ಲ, ನಂದು."

"ಹುಚ್ಚಿ, ನೀ ಬಾಗಲದಾಗ ನಿಂತ ಅಳತಿದ್ದಿ."

ಬಚ್ಚಲಲ್ಲಿ ನೀರು ತೊಟ್ಟಿಕ್ಕುತ್ತಿರುವಾಗ ನಾವು ಇದಕ್ಕೆ ಜಗಳವಾಡಿದೆವು. ಒಬ್ಬರ ನೆನಪು ಇನ್ನೊಬ್ಬರ ಕಣ್ಣಿಗೆ ಹೇಗೆ ಹೋಯಿತೋ ತಿಳಿಯದು. ಆದರೆ ಉಸುಕು ಬೇರೆ, ಬಣ್ಣ ಬೇರೆ ಎಂದು ನಾನು ಪಟ್ಟು ಹಿಡಿದೆ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರು ಊಟ ಮುಗಿಸಿ ಮಲಗಿದ್ದರು. ಎಬ್ಬಿಸಿದೆ. ಅವರ ಹಳೆಯ ವ್ಯಾನಿನಲ್ಲಿ ಬೆಳಗಾವಿಗೆ ಹೊರಟೆವು.

ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಬಿಡುತ್ತಲೇ ಇದ್ದೆ. ಅಕ್ಕನ ಸೀರೆ, ನನ್ನ ತೊಡೆ, ಸೀಟು ಎಲ್ಲ ತೊಯ್ದವು. ಅವಳಿಗೆ ಚಿಂತೆ ಬೇರೆಯೇ. "ನಾಡಿದ್ದ ಮದುವಿ ಬ್ಲೌಜ್ ಕೊಡಬೇಕು. ತೋಳಿಗೆ ಮಣಿ ಹಚ್ಚೂದು ಉಳದೈತಿ. ಒಂದ ಕಣ್ಣೀಲೆ ಮಣಿ ಹೆಂಗ ಹಚ್ಚೂದು?" ಎನ್ನುವಳು, ಮತ್ತೆ ಅದನ್ನೇ ಎನ್ನುವಳು. ಟಿಳಕವಾಡಿಯ ಎರಡನೇ ಗೇಟಿಗೆ ಬಂದರೆ ರೈಲು ಗೇಟು ಹಾಕಿತ್ತು.

"ನಾವ ಬರೂದ ಕಾಯ್ಕೋತ ಕುಂತಿರತಾರ ಇವರು," ಎಂದರು ಮಾಮಾ. ಹಿಂದೆ ತಿರುಗಿ ತೊಯ್ದ ಸೀಟು ನೋಡಿ, "ಇದಕ್ಕೂ ಒಂದ ಕೋಟ್ ಹಚ್ಚಿಬಿಡ್ರಿ, ಸೋರೂದು ನಿಲ್ಲತೈತಿ," ಎಂದರು. ಅಕ್ಕ ನಕ್ಕಳು. ನಗುವಾಗ ಕಣ್ಣು ಮುಚ್ಚಿಕೊಂಡಿತು. ಮತ್ತೆ ತೆರೆಯಲು ಆಗಲಿಲ್ಲ. ನಾನು ಬಾಟಲಿ ಎತ್ತಿ ಮತ್ತೆ ನೀರು ಬಿಟ್ಟೆ. ರೈಲು ಬರುವವರೆಗೆ ಮಾಮಾ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಲೇ ಇದ್ದರು.

ಕಣ್ಣಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಏನು ಬಿತ್ತು?" ಎಂದರು. "ವಾಟರ್ ಬೇಸ್ ಬಣ್ಣ" ಎಂದೆ. ಬಕೆಟ್ಟಿನ ಫೋಟೋ ತೋರಿಸಿದೆ. ಅವರು ಒಂದು ಸಣ್ಣ ಕಾಗದದ ಪಟ್ಟಿಯನ್ನು ಕಣ್ಣಂಚಿಗೆ ತಾಗಿಸಿ, ಪಟ್ಟಿಯ ಬಣ್ಣ ಬದಲಾದದ್ದು ನೋಡಿ ಹುಬ್ಬು ಗಂಟಿಕ್ಕಿದರು. ಸಲೈನ್ ಬಾಟಲಿ ತೂಗುಹಾಕಿಸಿ ಕಣ್ಣು ತೊಳೆಯಲು ಶುರುಮಾಡಿದರು. ಮರಗಟ್ಟಿಸುವ ಹನಿ ಹಾಕಿ, ಮೇಲಿನ ರೆಪ್ಪೆಯನ್ನು ಒಳಮಗ್ಗಲು ಹೊರಗೆ ಬರುವಂತೆ ಮಡಚಿ, ಹತ್ತಿಯ ಕಡ್ಡಿಯಿಂದ ಏನನ್ನೋ ಒರೆಸಿ ತೆಗೆದರು. ಬಿಳಿ ಪೊರೆಯೊಂದು ಬಂತು. ಅದರಲ್ಲಿ ಬೂದು ಬಣ್ಣದ ಹರಳುಗಳು.

"ಇದು ಬರೇ ಬಣ್ಣ ಅಲ್ಲ. ಏನ ಕೂಡಸಿದ್ರಿ?"

ನಾನು ಅಕ್ಕನತ್ತ ನೋಡಿದೆ. ಅಕ್ಕ ಗೋಡೆಯತ್ತ.

"ಬಾಯಿ ಬಿಡು," ಎಂದರು ಮಾಮಾ. "ಕಣ್ಣ ಹೋದ ಮ್ಯಾಲ ಹೇಳತಿ ಏನು?"

"ಒಂದ ಬೊಗಸಿ ಸಿಮೆಂಟ್ ಹಾಕೇನ್ರಿ," ಎಂದಳು ಅಕ್ಕ. "ಬರೇ ಬಣ್ಣ ಬಿರುಕಿನ್ಯಾಗ ನಿಲ್ಲವಲ್ದಾಗಿತ್ತು. ನಮ್ಮ ಕಡೆ ಎಲ್ಲಾರೂ ಹಂಗ ಮಾಡತಾರ್ರಿ."

ಹಸಿ ಸಿಮೆಂಟಿಗೆ ಸುಣ್ಣದ ಗುಣವಿರುತ್ತದೆ, ಅದು ಕಣ್ಣನ್ನು ಸುಡುತ್ತದೆ, ಬಣ್ಣ ಒಣಗಿ ಪೊರೆಯಾಗುತ್ತ ಆ ಹರಳುಗಳನ್ನು ರೆಪ್ಪೆಯ ಅಡಿಯಲ್ಲೇ ಅಂಟಿಸಿ ಹಿಡಿದಿತ್ತು ಎಂದು ಡಾಕ್ಟರು ವಿವರಿಸಿದರು. ಅಲ್ಲೇ ಇಷ್ಟು ನೀರು ಹಾಕದಿದ್ದರೆ ಗಾಯ ಇನ್ನೂ ಆಳಕ್ಕೆ ಇಳಿಯುತ್ತಿತ್ತು ಎಂದೂ ಹೇಳಿದರು. ಕರಿಗುಡ್ಡೆಯ ಕೆಳಅಂಚಿನಲ್ಲಿ ಮಸುಕಾಗಿತ್ತು. ದೃಷ್ಟಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗದು ಎಂದರು.

ಆ ದಿನದಿಂದ ನನ್ನನ್ನು ಕಾಡುತ್ತಿರುವುದು ಅವಳ ಹತ್ತಿರವಿದ್ದ ಡಬ್ಬಿ. ಈಗ ನೆನೆಸಿಕೊಂಡರೆ ಅದರಲ್ಲಿದ್ದ ಬಣ್ಣ ಅಚ್ಚ ಬಿಳಿಯಲ್ಲ, ಸ್ವಲ್ಪ ಬೂದಿ ಬಣ್ಣಕ್ಕಿತ್ತು. ಅದು ನನಗೆ ಸ್ಲ್ಯಾಬಿನ ಮೇಲೇ ಕಂಡಿತ್ತೆ, ಅಥವಾ ಡಾಕ್ಟರು ಕೇಳಿದ ಮೇಲೆ ನಾನೇ ಬೂದಿ ಬೆರೆಸಿಕೊಂಡೆನೆ? ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಯೋಚಿಸಿದಷ್ಟೂ ಡಬ್ಬಿ ಇನ್ನಷ್ಟು ಬೂದಿಯಾಗುತ್ತ ಹೋಗುತ್ತದೆ.

ಅಕ್ಕ ಬೆಳಗಾವಿಯಲ್ಲೇ, ಅನಗೋಳದ ನನ್ನ ಮನೆಯಲ್ಲಿ ಉಳಿದಳು. ತಾಸಿಗೊಮ್ಮೆ ಹನಿ, ಕಣ್ಣಿಗೆ ಮುಚ್ಚಳ. ಕೂತಲ್ಲಿ ಕೂರಳು. ಓಣಿಯಲ್ಲಿ ಯಾರದೋ ಹೊಲಿಗೆ ಯಂತ್ರದ ಸದ್ದು ಬಂದರೆ ಬಾಗಿಲಿಗೆ ಹೋಗಿ ನಿಲ್ಲುವಳು. ಸಂಜೆಯಾದರೆ ಮೋಡ. ಮಾಮಾ ಫೋನ್ ಮಾಡಿ, ಉಳಿದ ಕೋಟು ಹಚ್ಚಿ ಮುಗಿಸಿದೆ, ಏನನ್ನೂ ಬೆರೆಸಲಿಲ್ಲ, ಬ್ರಷ್ಷು ತೊಳೆದ ನೀರನ್ನೂ ಗಟಾರಿಗೆ ಬಿಡದೆ ಹಳೆ ಬಕೆಟ್ಟಿನಲ್ಲಿ ಒಣಗಲು ಇಟ್ಟಿದ್ದೇನೆ ಎಂದರು. ಕಣ್ಣಿಗೇನು ಹಾಕಿಕೊಂಡಿರಿ ಎಂದು ಕೇಳಿದೆ.

"ಬೈಕಿನ ಹೆಲ್ಮೆಟ್. ಗಾಜ ಇಳಿಸಿ. ಮಾವಶಿ ಕೆಳಗ ನಿಂತ, ಯಾವ ಊರಿಗೆ ಹೊಂಟ್ರಿ ಅಂತ ಕೇಳಿದ್ರು."

ಸ್ಪೀಕರಿನಲ್ಲಿ ಕೇಳುತ್ತಿದ್ದ ಅಕ್ಕ ನಕ್ಕಳು, ಈ ಸಲ ಕಣ್ಣನ್ನು ಕೈಯಿಂದ ಹಿಡಿದುಕೊಂಡು.

ಮುಚ್ಚಳ ತೆಗೆದ ದಿನ ಡಾಕ್ಟರು ಅಕ್ಷರಗಳ ಹಲಗೆಯ ಮುಂದೆ ಕೂರಿಸಿದರು. ಎಡಗಣ್ಣು ಮುಚ್ಚಿ ಅಕ್ಕ ಓದುತ್ತ ಬಂದಳು. ಕೆಳಗಿನ ಸಾಲಿಗೆ ಬಂದಾಗ ನಿಂತಳು.

"ಮೊದಲ ಈ ಸಾಲ ಕಾಣತಿತ್ತೇನ್ರಿ?"

ಅಕ್ಕ ನನ್ನತ್ತ ತಿರುಗಿದಳು, ನನಗೆ ಗೊತ್ತಿರುತ್ತದೆ ಎಂಬಂತೆ. ಅವಳ ಬಲಗಣ್ಣನ್ನು ಯಾರೂ ಎಂದೂ ಬೇರೆಯಾಗಿ ಪರೀಕ್ಷಿಸಿರಲಿಲ್ಲ. ಚಾಳೀಸು ಕೂಡ ಜಾತ್ರೆಯಲ್ಲೋ ಸಂತೆಯಲ್ಲೋ ಹಾಕಿ ನೋಡಿ ಕೊಂಡದ್ದು. ಕಳೆದುಕೊಂಡಿದ್ದರೆ ಎಷ್ಟು ಕಳೆದುಕೊಂಡಳು ಎಂದು ಯಾವುದರ ಪಕ್ಕ ಇಟ್ಟು ನೋಡುವುದು?

"ಮಸುಕು ಇನ್ನೂ ಕಡಿಮಿ ಆಗಬಹುದು," ಎಂದು ಡಾಕ್ಟರು ಹನಿಯ ಹೆಸರು ಬರೆಯತೊಡಗಿದರು.

"ಈ ಅಕ್ಷರ ತಗೊಂಡ ನಾ ಏನ ಮಾಡ್ಲಿರಿ," ಎಂದಳು ಅಕ್ಕ. "ನನಗ ಹೊಲಿಗಿ ಕಂಡ್ರ ಸಾಕು." ಎಡಗಣ್ಣು ಹಾಗೇ ಮುಚ್ಚಿಕೊಂಡು ನನ್ನ ಕಡೆ ನೋಡಿದಳು. "ನಿನ್ನ ಬಲತೋಳಿಂದು ಹೊಲಿಗಿ ಬಿಟ್ಟೈತಿ ನೋಡು, ಕಂಕಳ ಹತ್ರ."

ನೋಡಿಕೊಂಡೆ. ಎರಡು ಹೊಲಿಗೆ ಬಿಟ್ಟಿದ್ದವು. ಆದರೆ ಆ ಬ್ಲೌಸನ್ನು ಹೊಲಿದವಳು ಅವಳೇ, ಬೆಳಿಗ್ಗೆ ನಾನು ಉಡುವಾಗ ಪಕ್ಕದಲ್ಲೇ ಇದ್ದವಳೂ ಅವಳೇ. ಈಗ ಕಂಡಿತೋ, ಆಗಲೇ ಗೊತ್ತಿತ್ತೋ?

ನಾನು ಸೆರಗನ್ನು ಭುಜದ ಮೇಲೆ ಎಳೆದುಕೊಂಡು ತೋಳು ಮುಚ್ಚಿದೆ. ಡಾಕ್ಟರ ಮೇಜಿನ ಮೇಲಿದ್ದ ಕೈ ಒರೆಸುವ ಬಟ್ಟೆಯನ್ನು ಎತ್ತಿ ಅವಳ ಎದುರು ಹಿಡಿದೆ.

"ಇದರ ಅಂಚು ಹೇಳು. ಕೈ ಹೊಲಿಗಿಯೋ, ಮಶೀನಿಂದೋ?"

ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.